ಹಿಂಗಾಲು ಸೋತ ಪುಟ್ಟ ಡ್ಯಾಕ್ಸ್‌ಹುಂಡ್ ನಾಯಿಗೆ ಹಬ್ಬಕ್ಕೆ ಯಾವ ಉಡುಗೊರೆ ಕೊಡಬಹುದು?

ಮೊದಲು ಜಾರದ ನೆಲಹಾಸು, ಆಮೇಲೆ ಮಡಿಕೆಗಳಲ್ಲಿ ತಿಂಡಿ ಅಡಗಿಸಿಟ್ಟರೆ ಮೂಸಿ ಹುಡುಕುವಂಥ ಬಟ್ಟೆಯ ಚಾಪೆ. ಹಾರಿ ಹಿಡಿಯುವ ಚೆಂಡು, ಜಗ್ಗಾಡುವ ಹಗ್ಗ ಬೇಡ.

ಕಾರಣ ಬೆನ್ನಿನಲ್ಲಿದೆ. ಈ ತಳಿಯ ಗಿಡ್ಡ ಕಾಲುಗಳ ಹಿಂದಿರುವ ಆನುವಂಶಿಕ ಗುಣವೇ ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಗಳನ್ನೂ ಎಳೆಯ ವಯಸ್ಸಿನಲ್ಲೇ ಒಣಗಿಸಿ ಗಟ್ಟಿಯಾಗಿಸುತ್ತದೆ. ಅಂಥ ಮೆತ್ತೆ ಒಡೆದು ಬೆನ್ನುಹುರಿಯನ್ನು ಒತ್ತಿದಾಗ ಹಿಂಗಾಲುಗಳ ಶಕ್ತಿ ಕುಂದುತ್ತದೆ. ನುಣುಪಾದ ಟೈಲ್ಸ್ ಮೇಲೆ ಆ ಕಾಲುಗಳು ಜಾರಿದರೆ ಬೆನ್ನು ಮತ್ತೆ ತಿರುಚುತ್ತದೆ; ಸೋಫಾದಿಂದ ಜಿಗಿದರೂ ಅದೇ ಪಾಡು. ಮೂಸುವ ಆಟದಲ್ಲಾದರೋ ದೇಹಕ್ಕೆ ವಿಶ್ರಾಂತಿ, ಮೂಗಿಗೆ ದುಡಿಮೆ. ಬಿಲ ಹೊಕ್ಕು ಬ್ಯಾಜರ್ ಎಂಬ ಪ್ರಾಣಿಯನ್ನು ಬೇಟೆಯಾಡಲೆಂದು ಜರ್ಮನಿಯಲ್ಲಿ ಬೆಳೆಸಿದ ತಳಿಯಿದು. ವಾಸನೆಯ ಜಾಡು ಸಿಕ್ಕರೆ ಅದಕ್ಕೆ ಲೋಕವೇ ಬೇಡ.

ಸೋತ ಹಿಂಗಾಲಿಗೆ ಆಸರೆಯಾಗಿ ಕಟ್ಟುವ ಗಾಲಿಗಾಡಿಯನ್ನು ಮಾತ್ರ ಅಚ್ಚರಿಯ ಉಡುಗೊರೆಯಾಗಿ ತರಬೇಡಿ. ಅಳತೆ ತಪ್ಪಿದರೆ ಪಟ್ಟಿ ಉಜ್ಜಿ ಹುಣ್ಣಾಗುತ್ತದೆ. ಪಶುವೈದ್ಯರನ್ನು ಕೇಳಿ, ಎತ್ತರ, ಉದ್ದ, ತೂಕ ನೋಡಿಯೇ ಮಾಡಿಸಬೇಕು. ಹಬ್ಬದ ಜರಿ ಅಂಗಿ ಫೋಟೋಗೆ ಚೆಂದ, ತೆವಳುವ ನಾಯಿಗೆ ತೊಡಕು.

ಚಾಪೆಯಲ್ಲಿ ಅಡಗಿಸುವ ತಿಂಡಿಯನ್ನು ದಿನದ ಆಹಾರದಿಂದಲೇ ಕಳೆಯಿರಿ, ಏಕೆಂದರೆ ತೂಕ ಏರಿದಷ್ಟೂ ಬೆನ್ನಿಗೆ ಹೊರೆ. ಪಾಯಸದ್ದಾಗಲಿ ಕ್ರಿಸ್‌ಮಸ್ ಕೇಕಿನದ್ದಾಗಲಿ, ಒಣದ್ರಾಕ್ಷಿ ಬೇಡವೇ ಬೇಡ: ಅದು ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಚಾಕೊಲೇಟ್ ಕೂಡ ವಿಷವೇ.