ದನಿ ಏರಿಸದೆ ಕೆಣಕುವುದು

(ಸಲಹೆ ಕೇಳಿ ನನ್ನ ಬಳಿ ಬಂದ ಗಂಡ ಹೆಂಡತಿಯ ಕಥೆ ಇದು. ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದಿದ್ದೇನೆ.)

"ಇವಳಿಗೆ ಸಿಟ್ಟು ಜಾಸ್ತಿ. ಅದೊಂದು ಸರಿ ಮಾಡಿಕೊಡಿ ಮೇಡಂ, ನಮ್ಮನೇಲಿ ಬೇರೆ ಏನೂ ತೊಂದರೆ ಇಲ್ಲ."

ಗಂಡ ಹೀಗೆ ಹೇಳುವಾಗ ಹೆಂಡತಿ ತಲೆ ತಗ್ಗಿಸಿ ಕೂತಿದ್ದರು. ಇಬ್ಬರೂ ನಲವತ್ತರ ಆಸುಪಾಸಿನವರು, ಇಬ್ಬರೂ ದುಡಿಯುವವರು. ಶಾಲೆಗೆ ಹೋಗುವ ಮಗಳಿದ್ದಾಳೆ. ಆಕೆ ಕಿರುಚುತ್ತಾರೆ, ಕೈಗೆ ಸಿಕ್ಕಿದ್ದನ್ನು ನೆಲಕ್ಕೆ ಎಸೆಯುತ್ತಾರೆ. ಇದನ್ನು ಆಕೆಯೇ ಒಪ್ಪಿಕೊಂಡರು. "ನನಗೇ ನನ್ನ ಕಂಡ್ರೆ ನಾಚಿಕೆ ಆಗುತ್ತೆ" ಅಂದರು. ಗಂಡ ಮಾತ್ರ ಮನೆಯಲ್ಲಿ ಒಂದು ದಿನವೂ ದನಿ ಏರಿಸಿದವರಲ್ಲವಂತೆ.

ಇಂಥ ಜೋಡಿ ಬಂದಾಗ ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಮಾತಾಡಿಸುತ್ತೇನೆ. ಹೊಡೆಯುವುದು, ಬೆದರಿಸುವುದು ಇದೆಯಾ? ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಭಯವಾ? ದುಡ್ಡು, ಫೋನು ಒಬ್ಬರದೇ ಹಿಡಿತದಲ್ಲಿದೆಯಾ? ಇದರಲ್ಲಿ ಯಾವುದಕ್ಕಾದರೂ ಹೌದು ಅನ್ನುವ ಉತ್ತರ ಬಂದರೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವುದು ಅಪಾಯ. ಆಗ ಸುರಕ್ಷತೆಯೇ ಮೊದಲ ಕೆಲಸ. ಇವರಲ್ಲಿ ಆ ಥರ ಇರಲಿಲ್ಲ. ಹಾಗಾಗಿ ಒಂದು ಕೆಲಸ ಕೊಟ್ಟೆ. ಕೊನೆಯ ಜಗಳವನ್ನು ಇಬ್ಬರೂ ಪ್ರತ್ಯೇಕವಾಗಿ, ಯಾರ ನಂತರ ಯಾರು ಏನಂದರು ಅಂತ ಮಾತು ಮಾತಿಗೂ ಬರೆಯಬೇಕು. "ಅವಳು ರೇಗಾಡಿದಳು" ಅಂತ ಬರೆಯುವಂತಿಲ್ಲ, ಬಾಯಿಂದ ಬಂದ ಮಾತನ್ನೇ ಬರೆಯಬೇಕು.

ಎರಡೂ ಹಾಳೆಗಳನ್ನು ಸೇರಿಸಿದಾಗ ಸಿಕ್ಕಿದ್ದು ಇಷ್ಟು. ಮಗಳ ಶಾಲೆಯ ಒಂದು ಫಾರಂಗೆ ಸಹಿ ಹಾಕುವುದನ್ನು ಆಕೆ ಮರೆತಿದ್ದರು.

"ಪರವಾಗಿಲ್ಲ ಬಿಡು. ನಿನಗೆ ನೆನಪಿರುತ್ತೆ ಅಂತ ನಾನೇನೂ ಅಂದ್ಕೊಂಡಿರ್ಲಿಲ್ಲ."

"ಹಾಗಂದ್ರೆ ಏನ್ರೀ?"

"ಏನಿಲ್ಲ. ಮಾತಾಡೋದೂ ತಪ್ಪಾ ಈಗ?"

"ಏನೋ ಅಂದ್ರಿ ತಾನೇ, ನೇರವಾಗಿ ಹೇಳಿ."

"ನೋಡು, ಶುರುವಾಯ್ತು. ಥೇಟ್ ನಿಮ್ಮಮ್ಮ. ಸಮಾಧಾನ ಮಾಡ್ಕೊ."

ಆಕೆ ಕಿರುಚಿದ್ದು ಇಲ್ಲಿ. ಫೈಲು ನೆಲಕ್ಕೆ ಬಿದ್ದಿದ್ದು ಇಲ್ಲಿ. ಆಮೇಲೆ ಆತ ಮಗಳನ್ನು ಕರೆದರು: "ನೋಡಿದ್ಯಾ ಪುಟ್ಟಾ, ನಿಮ್ಮಮ್ಮನ ಅವತಾರ?"

ಪಕ್ಕದ ಮನೆಗೆ ಕೇಳಿಸಿದ್ದು ಆಕೆಯ ಕೂಗು ಮಾತ್ರ. ಮಗಳು ಕಂಡಿದ್ದೂ ಅದನ್ನೇ. ಅದಕ್ಕೆ ಮೊದಲು ಮೆಲುದನಿಯಲ್ಲಿ ಚುಚ್ಚಿದ್ದಕ್ಕೆ ಸಾಕ್ಷಿಯೇ ಇಲ್ಲ. ಕೆಣಕುವುದು ಅಂದರೆ ಕೂಗಾಡುವುದು, ಬೈಯುವುದು ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಆದರೆ ಹಂಗಿಸುವುದು, ಹಳೆಯದನ್ನು ಕೆದಕುವುದು, ತವರನ್ನು ಎಳೆದು ತರುವುದು, ಅಂದಿದ್ದನ್ನೇ "ಅಂದಿಲ್ಲ" ಅನ್ನುವುದು, ಇದಕ್ಕೆಲ್ಲ ದನಿ ಏರಿಸಬೇಕಾಗಿಲ್ಲ. "ಸಮಾಧಾನ ಮಾಡ್ಕೊ" ಕೂಡ ಇದೇ ಸಾಲಿಗೆ ಸೇರುತ್ತದೆ. ನೊಂದವರ ಮಾತಿಗೆ ಉತ್ತರ ಕೊಡದೆ ಹಾಗಂದರೆ, ನೀನು ಹೇಳ್ತಿರೋದಕ್ಕೆ ಅರ್ಥವಿಲ್ಲ, ನಿನ್ನ ತಲೆಯೇ ಸರಿಯಿಲ್ಲ ಅಂದಂತೆ ಕೇಳಿಸುತ್ತದೆ. ಉರಿಯೋ ಬೆಂಕಿಗೆ ತುಪ್ಪ ಸುರಿದಂತೆ.

ದಂಪತಿಗಳ ಜಗಳವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್, ಮದುವೆ ಮುರಿಯುವ ಸೂಚನೆಗಳಲ್ಲಿ ತಿರಸ್ಕಾರದ ಮಾತಿಗೇ ಮೊದಲ ಸ್ಥಾನ ಕೊಟ್ಟರು. ಜಗಳ ಹೇಗೆ ಶುರುವಾಗುತ್ತದೆ ಅನ್ನುವುದೂ ಮುಖ್ಯ. ಸಂಶೋಧಕಿ ಸಿಬಿಲ್ ಕರೇರ್ ಜೊತೆ ಅವರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದೆ ಬೇರೆಯಾಗುವ ಜೋಡಿಗಳ ಸುಳಿವು ವಾದದ ಮೊದಲ 3 ನಿಮಿಷಗಳಲ್ಲೇ ಕಾಣಿಸಿತ್ತು. ನನ್ನ ಎದುರಿಗಿದ್ದ ಹಾಳೆಯಲ್ಲಿ ಮೊದಲ ಸಾಲೇ ತಿರಸ್ಕಾರ.

ಹಾಗಂತ ಆತ ಕೆಟ್ಟವರು ಅಂತ ಬರೆದುಬಿಟ್ಟರೆ ಅನ್ಯಾಯವಾಗುತ್ತದೆ. ಒಬ್ಬರೇ ಕೂತಿದ್ದಾಗ, ಆ ಮೊದಲ ಮಾತಿಗೆ ಮುಂಚೆ ಮನಸ್ಸಿನಲ್ಲಿ ಏನಿತ್ತು ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಅವಳು ಬಂದ್ಮೇಲೆ ಫೋನು, ಕೆಲಸ, ಮಗಳು. ನನ್ನನ್ನ ಊಟ ಆಯ್ತಾ ಅಂತಾನೂ ಕೇಳಲ್ಲ. ಕಿರುಚಿದಾಗಲಾದರೂ ನನ್ನ ಮುಖ ನೋಡ್ತಾಳೆ" ಅಂದರು. ಇಡೀ ಪ್ರಕರಣದಲ್ಲಿ ನನಗೆ ಬಹಳ ನೋವು ಕೊಟ್ಟ ಮಾತಿದು. ಆತನಿಗೆ ಬೇಕಿದ್ದದ್ದು ಹೆಂಡತಿಯ ಗಮನ. ನೇರವಾಗಿ ಕೇಳಲು ಸಂಕೋಚ, ಕೆಣಕಿದರೆ ತಕ್ಷಣ ಸಿಗುತ್ತಿತ್ತು. ಜೊತೆಗೆ ತಾನು ಸಮಾಧಾನಿ ಅನ್ನುವ ಒಳ್ಳೆಯ ಹೆಸರೂ ಉಳಿಯುತ್ತಿತ್ತು.

ಆತನಿಗೆ ಕೊಟ್ಟ ಸಲಹೆ: ಬೇಕಾದದ್ದನ್ನು ಬೇಕು ಅಂತಲೇ ಹೇಳಿ. "ನಂಗೆ ಬೇಜಾರಾಗಿದೆ, ಹತ್ತು ನಿಮಿಷ ನನ್ನ ಜೊತೆ ಕೂತ್ಕೊ" ಅಂದರೆ ಸಾಕು. ಭಾವನೆಗೆ ಹೆಸರು ಕೊಡುವುದರಿಂದ ಅದರ ಕಾವೂ ಇಳಿಯುತ್ತದೆ. ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಟ್ಟು, ಭಯ ತುಂಬಿದ ಮುಖಗಳನ್ನು ತೋರಿಸಿ ಆ ಭಾವನೆ ಯಾವುದು ಅಂತ ಹೆಸರಿಸಲು ಹೇಳಿದಾಗ, ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾದ ಚಟುವಟಿಕೆ ತಗ್ಗಿತ್ತು. ಇನ್ನು, ತವರಿನ ಮಾತು ಬೇಡ. ಚುಚ್ಚಿದ ಮೇಲೆ "ಏನಿಲ್ಲ" ಬೇಡ. "ಹೌದು, ಚುಚ್ಚಿದೆ" ಅಂತ ಒಪ್ಪಿಕೊಳ್ಳಿ, ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ. ಮಗಳನ್ನು ಸಾಕ್ಷಿಗೆ ಕರೆಯುವುದು ಇವತ್ತಿಗೇ ನಿಲ್ಲಬೇಕು. ಇದನ್ನು ಮಾತ್ರ ಖಡಾಖಂಡಿತವಾಗಿ ಹೇಳಿದೆ. ಅಪ್ಪ ಅಮ್ಮನಲ್ಲಿ ಒಬ್ಬರ ಪಕ್ಷ ಹಿಡಿ ಅಂತ ಮಗುವನ್ನು ಎತ್ತಿಕಟ್ಟಿದರೆ, ಅದು ಯಾರ ಕಡೆ ನಿಂತರೂ ಇನ್ನೊಬ್ಬರನ್ನು ಕಳೆದುಕೊಂಡ ಹಾಗೆ ಒದ್ದಾಡುತ್ತದೆ.

ಆಕೆಗೆ ಹೇಳಿದ್ದು ಬೇರೆ. ಕೆಣಕಿದ್ದು ನಿಜ, ಆದರೂ ಎಸೆದ ಕೈ ನಿಮ್ಮದೇ, ಅದರ ಹೊಣೆಯೂ ನಿಮ್ಮದೇ. ಆಕೆ ಇದನ್ನು ಬೇಗ ಒಪ್ಪಿದರು. ಎದೆ ಡವಡವ ಅನ್ನಲು ಶುರುವಾದರೆ ವಾದ ನಿಲ್ಲಿಸಿ. ನಾಡಿಬಡಿತ ನಿಮಿಷಕ್ಕೆ 100 ದಾಟಿದ ಮೇಲೆ ಎದುರಿನವರ ಮಾತು ತಲೆಗೆ ಹತ್ತುವುದಿಲ್ಲ, ಮೈ ತಣಿಯಲು ಕನಿಷ್ಠ 20 ನಿಮಿಷ ಬೇಕು ಅನ್ನುತ್ತಾರೆ ಗಾಟ್‌ಮನ್. ಆದರೆ ಬಾಗಿಲು ಧಡಾರನೆ ಹಾಕಿಕೊಂಡು ಹೋದರೆ ಅದೂ ಕೆಣಕಿದ ಹಾಗೆಯೇ. "ಅರ್ಧ ಗಂಟೆ ಬಿಟ್ಟು ಬರ್ತೀನಿ, ಆಗ ಮಾತಾಡೋಣ" ಅಂತ ಹೇಳಿ ಹೋಗಿ, ಹೇಳಿದ ಹೊತ್ತಿಗೆ ಬನ್ನಿ. ಹೋದಲ್ಲಿ ಅವರ ಮಾತನ್ನೇ ಮೆಲುಕು ಹಾಕಬೇಡಿ. ದಿಂಬಿಗೆ ಗುದ್ದಿ ಸಿಟ್ಟು ತೀರಿಸಿಕೊಳ್ಳಲೇ ಅಂತ ಆಕೆ ಕೇಳಿದ್ದರು. ಬೇಡ ಅಂದೆ. ಮನಶ್ಶಾಸ್ತ್ರಜ್ಞ ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ಬರಿಸಿದವರನ್ನು ನೆನೆಯುತ್ತಾ ಪಂಚಿಂಗ್ ಬ್ಯಾಗಿಗೆ ಗುದ್ದಿದವರ ಸಿಟ್ಟು, ಸುಮ್ಮನೆ ಕೂತವರಿಗಿಂತ ಜಾಸ್ತಿಯಾಗಿತ್ತು.

ಚುಚ್ಚು ಮಾತಿಗೆ ಉತ್ತರ ಕೊಡದೆ, ಅದರ ಹಿಂದಿರುವುದನ್ನು ಕೇಳಿ ಅಂತಲೂ ಹೇಳಿದೆ. "ನಿಮಗೆ ಬೇಜಾರಾಗಿದೆಯಾ? ನನ್ನಿಂದ ಏನು ಬೇಕಿತ್ತು?" ಇದರ ಜೊತೆ ಇಬ್ಬರಿಗೂ ಒಂದು ಎಚ್ಚರಿಕೆ ಕೊಟ್ಟೆ. ಕೆಣಕಿದರೂ ಕೂಗು ಬರುತ್ತಿಲ್ಲ ಅಂದಾಗ ಮೊದಮೊದಲು ಕೆಣಕುವುದು ಜಾಸ್ತಿಯಾಗಬಹುದು. ಇಷ್ಟು ದಿನ ಫಲ ಕೊಟ್ಟ ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಆಗ ಸಲಹೆ ಕೆಲಸ ಮಾಡುತ್ತಿಲ್ಲ ಅಂತ ಕೈಬಿಡಬಾರದು. ಬೇಸರಕ್ಕೆ ಮುಂಚೆಯೇ ಗಮನ ಸಿಗಲಿ ಅಂತ, ದಿನಾ ಸಂಜೆ ಸ್ವಲ್ಪ ಹೊತ್ತು ಫೋನು ಬದಿಗಿಟ್ಟು ಇಬ್ಬರೇ ಕೂರಲು ಹೇಳಿದೆ.

ಹೇಳಿದ ಹಾಗೆಯೇ, ಕೆಲವು ವಾರ ಮನೆಯಲ್ಲಿ ಕಷ್ಟವಾಯಿತು. ಒಮ್ಮೆ ಆಕೆ ಮತ್ತೆ ಏನೋ ಎಸೆದರು. ಆದರೆ ಅವತ್ತು ಆತ ಮಗಳನ್ನು ಕರೆಯಲಿಲ್ಲ. ಮರುದಿನ ತಾವಾಗಿಯೇ ಅವಳ ಹತ್ತಿರ ಹೋಗಿ, "ನಮ್ಮ ಜಗಳದ ಮಧ್ಯ ನಿನ್ನನ್ನ ಎಳೀಬಾರದಿತ್ತು" ಅಂದರಂತೆ. ಈಗ ಎಸೆಯುವುದು ನಿಂತಿದೆ. ಕೂಗಾಟ ಆಗೊಮ್ಮೆ ಈಗೊಮ್ಮೆ ಇದೆ. ಉಳಿದಿರುವುದು ಆತನ ಅಕ್ಕನ ಫೋನು. "ಅವಳನ್ನ ತಲೆ ಮೇಲೆ ಕೂರಿಸ್ಕೊಂಡಿದ್ದೀಯ" ಅಂತ ತಮ್ಮನ ಕಿವಿ ಊದುವುದು ಇನ್ನೂ ನಿಂತಿಲ್ಲ. "ಅಕ್ಕಾ, ಅವಳ ವಿಷಯ ಅವಳ ಹತ್ರಾನೇ ಮಾತಾಡು" ಅನ್ನುವುದನ್ನು ಕಳೆದ ಭೇಟಿಯಲ್ಲಿ ನನ್ನ ಎದುರೇ ಹೇಳಿ ನೋಡಿದ್ದಾರೆ. ಮುಂದಿನ ಫೋನು ಬಂದಾಗ ಅಕ್ಕನಿಗೇ ಹೇಳಬೇಕು.