ಕಾಲಿನ ಉರಿ ವಯಸ್ಸಿನದೋ, ಮಾತ್ರೆಯದೋ?

ಪ್ರಶ್ನೆ: ಮಾನ್ಯ ಡಾಕ್ಟರರೇ, ನನಗೆ 58 ವರ್ಷ. ಶಿರಸಿ ಸಮೀಪದ ಹಳ್ಳಿಯಲ್ಲಿ ಅಡಿಕೆ ತೋಟ ಮಾಡಿಕೊಂಡಿದ್ದೇವೆ. ನಮ್ಮದು ಸಸ್ಯಾಹಾರದ ಮನೆ. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ 1000 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಎರಡು ಬಾರಿ ಮತ್ತು ನಾಲ್ಕು ವರ್ಷಗಳಿಂದ ಹೊಟ್ಟೆಯುರಿಗೆ ಪ್ಯಾಂಟೊಪ್ರಜೋಲ್ ಮಾತ್ರೆಯನ್ನು ನುಂಗುತ್ತಿದ್ದೇನೆ. ಒಂದೂವರೆ ವರ್ಷದಿಂದ ಅಂಗಾಲು ಉರಿ, ಜೋಮು, ನಾಲಿಗೆ ಉರಿ, ವಿಪರೀತ ಸುಸ್ತು. ಕಳೆದ ಮಳೆಗಾಲದಲ್ಲಿ ಒಂದು ದಿನ ತೋಟದಿಂದ ಅಂಗಳಕ್ಕೆ ಬಂದು ನೋಡಿದರೆ ಎಡಗಾಲಿನ ಚಪ್ಪಲಿಯೇ ಇರಲಿಲ್ಲ. ಎಲ್ಲಿ ಕಳಚಿತೆಂದು ನನಗೆ ತಿಳಿಯಲೇ ಇಲ್ಲ. ನೋಡುವ ವೈದ್ಯರು, ಸಕ್ಕರೆ ಇದ್ದವರಿಗೆ ಇದೆಲ್ಲ ಇದ್ದದ್ದೇ, ವಯಸ್ಸೂ ಆಯಿತಲ್ಲ ಎನ್ನುತ್ತಾರೆ. ಹುಬ್ಬಳ್ಳಿಯಲ್ಲಿ ಇನ್ನೊಬ್ಬರಿಗೆ ತೋರಿಸಿದಾಗ ಅವರು ನನ್ನನ್ನು ಬಿಟ್ಟು ಮಗನನ್ನೇ ಕೇಳಿದರು. ಮೂರು ತಿಂಗಳ ಸರಾಸರಿ ಸಕ್ಕರೆ 6.8 ಇದೆ, ಚೆನ್ನಾಗಿದೆ ಎಂದು ಕಳುಹಿಸಿದರು. ಮಾತ್ರೆಯಿಂದಲೇ ಹೀಗಾಗಿರಬಹುದೇ ಎಂದು ಕೇಳಿದರೆ ಡಾಕ್ಟರು ಸಿಟ್ಟಾಗುತ್ತಾರೆಂಬ ಹೆದರಿಕೆ. ನಡುವೆ ಹನ್ನೆರಡು ದಿನ ಮೆಟ್‌ಫಾರ್ಮಿನ್ ಬಿಟ್ಟಿದ್ದೆ, ಅದನ್ನೂ ಹೇಳಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಆ ಕಳಚಿದ ಚಪ್ಪಲಿ. ಅದನ್ನು ನೀವು ನನಗೆ ಬರೆದಿದ್ದೀರಿ, ಆದರೆ ಎದುರಿಗೆ ಕುಳಿತ ವೈದ್ಯರಿಗೆ ಬಹುಶಃ ಹೇಳಿಲ್ಲ. ನಮ್ಮ ಜಿಲ್ಲೆಯಲ್ಲಿ ಮೂರು ದಶಕ ರೋಗಿಗಳನ್ನು ನೋಡಿದ ಅನುಭವದಿಂದ ಹೇಳುವುದಾದರೆ, ವೈದ್ಯರ ಮುಂದೆ ಕುಳಿತಾಗ ನಮ್ಮವರ ಬಾಯಿಯಲ್ಲಿ ಮೊದಲು ಬರುವುದು ‘ಸುಸ್ತು’ ಮತ್ತು ‘ಗ್ಯಾಸು’ ಎಂಬ ಎರಡು ಮಾತುಗಳು. ದಿನಕ್ಕೆ ಅರವತ್ತು ಜನರಿಂದ ಅವನ್ನೇ ಕೇಳಿದ ವೈದ್ಯನ ಕೈ ತಾನಾಗಿಯೇ ಟಾನಿಕ್ಕಿನ ಹೆಸರು ಬರೆಯುತ್ತದೆ. ಕಾಲಿನಿಂದ ಚಪ್ಪಲಿ ಕಳಚಿದ್ದು ತಿಳಿಯಲಿಲ್ಲ ಎಂದರೆ ಮಾತ್ರ ಅವನು ತಲೆ ಎತ್ತಲೇಬೇಕು. ಪಾದದ ಸ್ಪರ್ಶಜ್ಞಾನ ಕುಗ್ಗಿದೆ, ಅಂದರೆ ನರಗಳಿಗೆ ಪೆಟ್ಟು ಬಿದ್ದಿದೆ ಎಂಬುದರ ಸ್ಪಷ್ಟ ಗುರುತು ಅದು.

ಈ ಪೆಟ್ಟಿಗೆ ಸಕ್ಕರೆ ಕಾಯಿಲೆಯೇ ಕಾರಣವಾಗಿರಬಹುದು. ಆ ಮಟ್ಟಿಗೆ ನಿಮ್ಮ ವೈದ್ಯರು ಹೇಳಿದ್ದು ಸುಳ್ಳಲ್ಲ. ಆದರೆ ಇದೇ ಉರಿ, ಇದೇ ಜೋಮು ವಿಟಮಿನ್ ಬಿ12 ಕೊರತೆಯಿಂದಲೂ ಬರುತ್ತದೆ, ಮತ್ತು ನಾಲಿಗೆಯ ಉರಿ ಸಂಶಯವನ್ನು ಆ ಕಡೆಗೇ ತಿರುಗಿಸುತ್ತದೆ. ಮೆಟ್‌ಫಾರ್ಮಿನ್ ಒಳ್ಳೆಯ ಔಷಧವೇ ಹೌದು. ಆದರೂ ಹಲವು ವರ್ಷ, ಅದರಲ್ಲೂ ಹೆಚ್ಚಿನ ಪ್ರಮಾಣದಲ್ಲಿ ತೆಗೆದುಕೊಂಡಾಗ, ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಬಿ12 ಹೀರಿಕೊಳ್ಳುವುದನ್ನು ಅದು ತಗ್ಗಿಸಬಲ್ಲದು. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆಯು 2022ರಲ್ಲಿ ಇದನ್ನು ಮೆಟ್‌ಫಾರ್ಮಿನ್ನಿನ ಸಾಮಾನ್ಯ ಅಡ್ಡಪರಿಣಾಮವೆಂದೇ ವೈದ್ಯರ ಗಮನಕ್ಕೆ ತಂದಿತು. ಪ್ಯಾಂಟೊಪ್ರಜೋಲ್ ಹೊಟ್ಟೆಯ ಆಮ್ಲವನ್ನು ಕಡಿಮೆ ಮಾಡುವುದರಿಂದ ಆಹಾರದಲ್ಲಿರುವ ಬಿ12 ಸರಿಯಾಗಿ ಬಿಡುಗಡೆಯಾಗುವುದಿಲ್ಲ. ಇದರ ಮೇಲೆ ನಿಮ್ಮದು ಸಸ್ಯಾಹಾರ. ಹಾಲು ಮೊಸರಿನಲ್ಲಿ ಬಿ12 ಇದೆಯಾದರೂ ತಂಬುಳಿಗೆ ಬಳಸುವ ತೆಳು ಮಜ್ಜಿಗೆಯಿಂದ ಸಿಗುವುದು ಅಲ್ಪ. ಯಕೃತ್ತು ಬಿ12 ಅನ್ನು ವರ್ಷಗಟ್ಟಲೆಗೆ ಸಾಕಾಗುವಷ್ಟು ಕೂಡಿಟ್ಟುಕೊಂಡಿರುವುದರಿಂದ, ಮಾತ್ರೆ ಪ್ರಾರಂಭಿಸಿ ಇಷ್ಟು ವರ್ಷ ಏನೂ ಆಗದೆ ಈಗ ತೊಂದರೆ ಕಾಣಿಸಿಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಆದ್ದರಿಂದ ನೀವು ಕೇಳಬೇಕಾದದ್ದು ಬಿ12 ಪ್ರಮಾಣವನ್ನು ಅಳೆಯುವ ಒಂದು ರಕ್ತಪರೀಕ್ಷೆ. ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 200 ಪಿಕೊಗ್ರಾಮಿಗಿಂತ ಕಡಿಮೆ ಬಂದರೆ ಕೊರತೆಯೆಂದೂ 200ರಿಂದ 300ರ ನಡುವೆ ಬಂದರೆ ಸಂದೇಹಾಸ್ಪದವೆಂದೂ ಎಣಿಸುತ್ತಾರೆ. ಎರಡನೆಯ ಸಂದರ್ಭದಲ್ಲಿ, ಬಿ12 ಕೊರತೆಯಾದಾಗ ರಕ್ತದಲ್ಲಿ ಏರುವ ಹೋಮೊಸಿಸ್ಟೀನ್ ಎಂಬ ಅಂಶದ ಪರೀಕ್ಷೆ ನೆರವಾಗುತ್ತದೆ. ರಕ್ತ ಕೊಡುವ ಮೊದಲು ಬಿ ಕಾಂಪ್ಲೆಕ್ಸ್ ಮಾತ್ರೆಯನ್ನಾಗಲಿ, ಶಕ್ತಿಯ ಇಂಜೆಕ್ಷನ್ ಎಂದು ಕರೆಯುವುದನ್ನಾಗಲಿ ತೆಗೆದುಕೊಳ್ಳಬೇಡಿ, ಏಕೆಂದರೆ ಆಮೇಲೆ ಬರುವ ಅಂಕಿ ನಿಜವನ್ನು ಮುಚ್ಚಿಡುತ್ತದೆ. ಫೋಲಿಕ್ ಆಮ್ಲವನ್ನು ಮಾತ್ರ ನುಂಗುವುದು ಇನ್ನೂ ಕೆಟ್ಟದ್ದು. ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಪಾದಗಳ ಸ್ಪರ್ಶಜ್ಞಾನವನ್ನು ಶ್ರುತಿಕವೆ (ಕಂಪಿಸುವ ಟ್ಯೂನಿಂಗ್ ಫೋರ್ಕ್) ಮತ್ತು ನೈಲಾನ್ ಎಳೆಯಿಂದ ಪರೀಕ್ಷಿಸಲು ಐದು ನಿಮಿಷ ಸಾಕು, ಅದನ್ನೂ ಕೇಳಿ. ಅಲ್ಲಿಯವರೆಗೆ ಬರಿಗಾಲಿನಲ್ಲಿ ತೋಟಕ್ಕೆ ಇಳಿಯಬೇಡಿ. ದಿನಾ ಸಂಜೆ ಅಂಗಾಲನ್ನು ಬೆಳಕಿನಲ್ಲಿ ನೋಡಿಕೊಳ್ಳಿ.

ಇನ್ನು ಹೇಳುವ ಬಗೆ. ಅರ್ಧ ಹಾಳೆಯ ಮೇಲೆ ಕನ್ನಡದಲ್ಲಿಯೇ ಹೀಗೆ ಬರೆದುಕೊಂಡು ಹೋಗಿ: ‘ಒಂದೂವರೆ ವರ್ಷದಿಂದ ಎರಡೂ ಅಂಗಾಲು ಉರಿ, ರಾತ್ರಿ ಹೆಚ್ಚು. ಕಳೆದ ಮಳೆಗಾಲದಲ್ಲಿ ಚಪ್ಪಲಿ ಕಳಚಿದ್ದು ತಿಳಿಯಲಿಲ್ಲ. ನಾಲಿಗೆ ಉರಿ. ಮೆಟ್‌ಫಾರ್ಮಿನ್ ಒಂಬತ್ತು ವರ್ಷ, ಪ್ಯಾಂಟೊಪ್ರಜೋಲ್ ನಾಲ್ಕು ವರ್ಷ. ಬಿ12 ಎಂದೂ ನೋಡಿಸಿಲ್ಲ.’ ಇದರಲ್ಲಿ ನಿಮಗೆ ಅನ್ವಯಿಸದ್ದನ್ನು ಹೊಡೆದುಹಾಕಿ. ಮೊದಲು ಮಾಡುತ್ತಿದ್ದು ಈಗ ಮಾಡಲಾಗದ ಒಂದು ಕೆಲಸವನ್ನು ಸೇರಿಸಿ, ಒಂದು ತಾಸು ಕುಳಿತು ಅಡಿಕೆ ಸುಲಿಯಲಾಗುವುದಿಲ್ಲ ಎಂಬಂಥದ್ದನ್ನು. ಕುಳಿತ ಕೂಡಲೇ ಆ ಹಾಳೆಯನ್ನು ಮೇಜಿನ ಮೇಲಿಡಿ. ಎದ್ದು ಬಾಗಿಲ ಬಳಿ ಹೋದ ಮೇಲೆ ‘ಅಂದ ಹಾಗೆ ಡಾಕ್ಟ್ರೇ’ ಎಂದು ಮುಖ್ಯ ಸಂಗತಿ ಹೇಳಿದವರನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಅಷ್ಟರಲ್ಲಿ ಮುಂದಿನವರು ಒಳಗೆ ಬಂದಿರುತ್ತಾರೆ. ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನು, ಕಷಾಯದ ಪುಡಿಯಿದ್ದರೆ ಅದನ್ನೂ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.

ಹನ್ನೆರಡು ದಿನ ಮಾತ್ರೆ ಬಿಟ್ಟದ್ದನ್ನು ದಯವಿಟ್ಟು ಹೇಳಿಬಿಡಿ. ಅದು ಅಪರಾಧವಲ್ಲ. ಬಚ್ಚಿಟ್ಟರೆ ಆ ದಿನಗಳಲ್ಲಿ ಸಕ್ಕರೆ ಏರಿದ್ದಕ್ಕೆ ಮಾತ್ರೆ ಸಾಲದೆಂದು ತಪ್ಪಾಗಿ ತಿಳಿದು ಇನ್ನೊಂದು ಮಾತ್ರೆ ಸೇರಿಸುವ ಸಾಧ್ಯತೆಯಿದೆ. ಕೊರತೆ ಇದ್ದರೂ ಸಾಮಾನ್ಯವಾಗಿ ಮೆಟ್‌ಫಾರ್ಮಿನ್ ನಿಲ್ಲಿಸಬೇಕಾಗುವುದಿಲ್ಲ, ಬಿ12 ತುಂಬಿಕೊಟ್ಟರೆ ಸಾಕಾಗುತ್ತದೆ. ಮಗ ಜೊತೆಗೆ ಬರಲಿ, ಆದರೆ ಮೊದಲ ಐದು ನಿಮಿಷ ಮಾತು ನಿಮ್ಮದೇ ಎಂದು ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗಿ.

ವೈದ್ಯರ ಸಿಟ್ಟಿನ ಬಗ್ಗೆ ಕೇಳಿದ್ದೀರಿ. ‘ಈ ಮಾತ್ರೆಯಿಂದಲೇ ಹೀಗಾಯಿತು’ ಎಂದರೆ ಅದು ಆಪಾದನೆಯಂತೆ ಕೇಳಿಸಬಹುದು. ‘ಇದು ಮಾತ್ರೆಯಿಂದ ಅಲ್ಲ ಎಂದು ಹೇಗೆ ಖಚಿತ ಮಾಡಿಕೊಳ್ಳಬಹುದು’ ಎಂಬ ಪ್ರಶ್ನೆಗೆ ವೈದ್ಯನು ಉತ್ತರ ಕೊಡಲೇಬೇಕಾಗುತ್ತದೆ. ನಾನೂ ಒಮ್ಮೆ ಹೀಗೆಯೇ ಉರಿಗಾಲಿನ ಹೆಂಗಸೊಬ್ಬರನ್ನು ಎರಡು ವರ್ಷ ಸಕ್ಕರೆಯ ಲೆಕ್ಕಕ್ಕೆ ಬರೆದುಕೊಂಡಿದ್ದೆ. ಕೊನೆಗೆ ಅವರೇ ಹಟ ಹಿಡಿದು ಮಾಡಿಸಿದ ಪರೀಕ್ಷೆಯಲ್ಲಿ ಬಿ12 ತೀರ ಕೆಳಗಿತ್ತು. ಚಿಕಿತ್ಸೆಯಿಂದ ನಾಲಿಗೆಯ ಉರಿ ಹೋಯಿತು, ಪಾದದ ಜೋಮು ಪೂರ್ತಿ ಹೋಗಲಿಲ್ಲ. ತಡಮಾಡಿದವನು ನಾನು. ಆದ್ದರಿಂದ, ನಿಮ್ಮ ವೈದ್ಯರು ಈ ಸಲವೂ ಕೇಳಿಸಿಕೊಳ್ಳದಿದ್ದರೆ, ಇನ್ನೊಬ್ಬರ ಅಭಿಪ್ರಾಯ ಪಡೆಯುವುದನ್ನು ದ್ರೋಹವೆಂದು ಭಾವಿಸಬೇಡಿ. ಚಿಕಿತ್ಸೆಯ ದಾಖಲೆಗಳನ್ನು ಕೇಳಿದರೆ 72 ತಾಸಿನೊಳಗೆ ಕೊಡಬೇಕೆಂದು ವೈದ್ಯರ ವೃತ್ತಿನಡತೆಯ 2002ರ ನಿಯಮಾವಳಿಯೇ ಹೇಳುತ್ತದೆ.

ಪ್ರಶ್ನೆ: ನಮ್ಮ ತಾಯಿಗೆ ಐದು ತಿಂಗಳಿಂದ ಒಣಕೆಮ್ಮು. ಅಂಕೋಲೆಯಲ್ಲಿ ಮೂರು ಬಗೆಯ ಸಿರಪ್ಪು ಆಯಿತು. ಎಕ್ಸ್‌ರೇ, ಕಫ ಪರೀಕ್ಷೆಗಳಲ್ಲಿ ಏನೂ ಇಲ್ಲ. ಅಲರ್ಜಿ ಎನ್ನುತ್ತಾರೆ. ಆರು ತಿಂಗಳ ಹಿಂದೆ ಮಂಗಳೂರಿನಲ್ಲಿ ಬಿಪಿಗೆ ಎನಲಾಪ್ರಿಲ್ ಕೊಟ್ಟಿದ್ದಾರೆ, ಬೇರೆ ಔಷಧವಿಲ್ಲ.

ಉತ್ತರ: ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿದ್ದು ಸರಿಯಾಯಿತು. ಈಗ ಎನಲಾಪ್ರಿಲ್ ಕಡೆ ನೋಡಿ. ಎಸಿಇ ಇನ್ಹಿಬಿಟರ್ ಎಂಬ ಈ ಗುಂಪಿನ ಬಿಪಿ ಮಾತ್ರೆಗಳನ್ನು ತೆಗೆದುಕೊಳ್ಳುವ ಸುಮಾರು ಹತ್ತರಲ್ಲಿ ಒಬ್ಬರಿಗೆ, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚಾಗಿ, ಗಂಟಲು ಕೆರೆಯುವ ಒಣಕೆಮ್ಮು ಬರುತ್ತದೆ. ಸಿರಪ್ಪಿಗೆ ಅದು ಬಗ್ಗುವುದಿಲ್ಲ. ಮಾತ್ರೆ ಬರೆದವರು ಮಂಗಳೂರಿನಲ್ಲಿ, ಕೆಮ್ಮಿಗೆ ಔಷಧ ಕೊಟ್ಟವರು ಅಂಕೋಲೆಯಲ್ಲಿ. ಎರಡನ್ನೂ ಒಟ್ಟಿಗೆ ಕಂಡವರು ಮನೆಯವರಾದ ನೀವು ಮಾತ್ರ. ಹುಬ್ಬಳ್ಳಿ, ಮಣಿಪಾಲ, ಗೋವಾ ಎಂದು ಹಂಚಿಹೋಗಿರುವ ನಮ್ಮ ಜಿಲ್ಲೆಯ ಚಿಕಿತ್ಸೆಯಲ್ಲಿ ಹೀಗಾಗುವುದು ಅಪರೂಪವಲ್ಲ.

ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಎರಡು ತಾರೀಖುಗಳನ್ನು, ಅಂದರೆ ಮಾತ್ರೆ ಪ್ರಾರಂಭಿಸಿದ್ದು ಮತ್ತು ಕೆಮ್ಮು ಪ್ರಾರಂಭವಾದದ್ದು, ಪಕ್ಕಪಕ್ಕದಲ್ಲಿ ಬರೆದು ಈ ವಾರವೇ ವೈದ್ಯರಿಗೆ ತೋರಿಸಿ, ಟೆಲ್ಮಿಸಾರ್ಟಾನ್ ಅಥವಾ ಲೊಸಾರ್ಟಾನ್‌ನಂಥ ಬದಲಿ ಮಾತ್ರೆ ಆಗಬಹುದೇ ಎಂದು ಕೇಳಿ. ಬದಲಾಯಿಸಿದ ಮೇಲೆ ಕೆಮ್ಮು ನಿಲ್ಲಲು ಹೆಚ್ಚಾಗಿ ಒಂದರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಮೂರು ತಿಂಗಳೂ ಹಿಡಿಯುತ್ತದೆ. ತುಟಿ, ನಾಲಿಗೆ ಅಥವಾ ಮುಖ ಊದಿಕೊಂಡರೆ ಮಾತ್ರ ಕಾಯದೆ, ಮುಂದಿನ ಮಾತ್ರೆ ಕೊಡದೆ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಅಡ್ಡಪರಿಣಾಮವನ್ನು ರೋಗಿಯ ಕಡೆಯವರೇ ನೇರವಾಗಿ ವರದಿ ಮಾಡಬಹುದೆಂಬುದು ಹೆಚ್ಚಿನವರಿಗೆ ತಿಳಿದಿಲ್ಲ. 2010ರಲ್ಲಿ ಆರಂಭವಾದ ರಾಷ್ಟ್ರೀಯ ಔಷಧ ನಿಗಾ ಕಾರ್ಯಕ್ರಮವನ್ನು ಈಗ ಗಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗ ನಡೆಸುತ್ತಿದೆ. ಅದರ ಉಚಿತ ಸಹಾಯವಾಣಿ 1800-180-3024. ಗ್ರಾಹಕರಿಗಾಗಿಯೇ ಇರುವ ವರದಿ ನಮೂನೆ ಕನ್ನಡದಲ್ಲಿಯೂ ಇದೆ. ಮಾತ್ರೆಯೇ ಕಾರಣವೆಂದು ನೀವು ರುಜುವಾತು ಮಾಡಬೇಕಾಗಿಲ್ಲ, ಸಂಶಯವಿದ್ದರೆ ಸಾಕು. ಕರೆ ಮಾಡುವಾಗ ಸ್ಟ್ರಿಪ್ಪನ್ನೂ ಆ ಎರಡು ತಾರೀಖುಗಳನ್ನೂ ಎದುರಿಗಿಟ್ಟುಕೊಳ್ಳಿ.