ಇಂಗ್ಲಿಷ್ ಮಾತನಾಡಲು ಬಾಯಿ ಬರುತ್ತಿಲ್ಲ. ಆನ್‌ಲೈನ್‌ನಲ್ಲಿ ಅಪರಿಚಿತರ ಜೊತೆ ಅಭ್ಯಾಸ ಮಾಡಬಹುದೇ?

ನೀವು ಕೇಳಿದ್ದು ಇಷ್ಟು: ಸೋಮವಾರಪೇಟೆ ಕಡೆಯ ಹಳ್ಳಿ, ಈಗಷ್ಟೇ ಪಿಯುಸಿ ಮುಗಿದಿದೆ, ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಮಾತನಾಡಲು ಹೋದರೆ ಗಂಟಲು ಕಟ್ಟುತ್ತದೆ. ದಿನಾ ಏನು ಮಾಡಬೇಕು? ಭಾಷೆ ಕಲಿಯುವ ಆ್ಯಪ್ ಒಂದರಲ್ಲಿ ಸಿಕ್ಕ ವಿದೇಶಿಯೊಬ್ಬರು ವಾಟ್ಸ್ಆ್ಯಪ್ ಸಂಖ್ಯೆ ಕೊಟ್ಟರೆ ದಿನವೂ ಮಾತನಾಡಿ ಕಲಿಸುತ್ತೇನೆ ಎಂದಿದ್ದಾರೆ, ಕೊಡಲೇ?

ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಕೊಡಬೇಡಿ. ಯಾಕೆ ಎಂದು ತಿಳಿಯಲು ನಾನು ಎಂಟೂವರೆ ಸಾವಿರ ರೂಪಾಯಿ ತೆತ್ತಿದ್ದೇನೆ, ನಿಮಗೆ ಪುಕ್ಕಟೆ ಹೇಳುತ್ತೇನೆ.

ನನ್ನ ಅಪ್ಪ ಸುಂಟಿಕೊಪ್ಪದ ಹತ್ತಿರದ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದರು. ಹೊರಜಿಲ್ಲೆಯವರು ಓದುತ್ತಿದ್ದರೆ ಹೇಳಿಬಿಡುತ್ತೇನೆ, ಕೊಡಗಿನಲ್ಲಿ ರೈಟರ್ ಎಂದರೆ ಸಾಹಿತಿಯಲ್ಲ, ತೋಟದ ಹಾಜರಿ ಮತ್ತು ಲೆಕ್ಕ ಬರೆಯುವವರು. ಮನೆಯಲ್ಲಿ ಅರೆಭಾಷೆ, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳಂ, ಲೈನ್‌ಮನೆಯ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯ, ಮಕ್ಕಳ ಜೊತೆ ತಮಿಳು, ಗೆಳತಿಯ ಮನೆಗೆ ಹೋದರೆ ಕೊಡವ ತಕ್ಕ್. ಹತ್ತು ವರ್ಷ ತುಂಬುವ ಹೊತ್ತಿಗೆ ಐದು ಭಾಷೆಗಳಲ್ಲಿ ಜಗಳವಾಡಬಲ್ಲವಳಾಗಿದ್ದೆ. ಒಂದರ ವ್ಯಾಕರಣವನ್ನೂ ಓದಿ ಕಲಿತಿರಲಿಲ್ಲ.

ಇಂಗ್ಲಿಷ್‌ನಲ್ಲಿ ಮಾತ್ರ ಜಗಳವಾಡಲು ಯಾರೂ ಕಲಿಸಲಿಲ್ಲ. ಶಾಲೆಯಲ್ಲಿ ನಾವು ಕಲಿತ ಇಂಗ್ಲಿಷನ್ನು ಒಮ್ಮೆ ನೆನಪಿಸಿಕೊಳ್ಳಿ: ಒಳಗೆ ಬರಲೇ ಮಿಸ್, ನೀರು ಕುಡಿಯಲು ಹೋಗಲೇ ಮಿಸ್, ಜ್ವರದಿಂದ ಬಳಲುತ್ತಿರುವುದರಿಂದ ಎರಡು ದಿನ ರಜೆ ಕೊಡಬೇಕಾಗಿ ವಿನಂತಿ. ಎಲ್ಲವೂ ಒಪ್ಪಿಗೆ ಬೇಡುವ ವಾಕ್ಯಗಳೇ. ಬೇಡ ಎನ್ನುವ, ಪ್ರಶ್ನಿಸುವ, ಇನ್ನೊಮ್ಮೆ ಹೇಳಿ ಎಂದು ತಡೆಯುವ ವಾಕ್ಯ ಒಂದೂ ಬಾಯಿಪಾಠವಾಗಿರಲಿಲ್ಲ. ನಿಮ್ಮ ಗಂಟಲು ಕಟ್ಟುವುದಕ್ಕೂ ನನ್ನ ಹಣ ಹೋದುದಕ್ಕೂ ಬೇರು ಇಲ್ಲೇ ಇದೆ ಎಂದು ನನ್ನ ನಂಬಿಕೆ.

ಆಗ ನಾನು ಮಡಿಕೇರಿಯ ಬಳಿ ಹೋಂಸ್ಟೇ ಒಂದರಲ್ಲಿ ಫೋನ್ ಎತ್ತುವ ಕೆಲಸದಲ್ಲಿದ್ದೆ. ಇಂಗ್ಲಿಷ್ ಸುಧಾರಿಸಿಕೊಳ್ಳಬೇಕೆಂದು ನಿಮ್ಮ ಹಾಗೆಯೇ ಒಂದು ಆ್ಯಪ್ ಸೇರಿದೆ. ಲಂಡನ್ನಿನಲ್ಲಿ ನರ್ಸ್ ಎಂದು ಹೇಳಿಕೊಂಡ ಒಬ್ಬರು ಪರಿಚಯವಾದರು. ಮೂರು ವಾರ ಒಳ್ಳೆಯ ಮಾತು. ನನ್ನ ತಪ್ಪುಗಳನ್ನು ತಿದ್ದಿದರು ಕೂಡ. ಆಮೇಲೆ ವಾಟ್ಸ್ಆ್ಯಪ್‌ಗೆ ಬಾ ಎಂದರು. ಆಮೇಲೆ ನನ್ನ ಹುಟ್ಟುಹಬ್ಬಕ್ಕೆ ಉಡುಗೊರೆ ಕಳಿಸಿದ್ದೇನೆ ಎಂದರು. ಆಮೇಲೆ ದೆಹಲಿಯ ಕಸ್ಟಮ್ಸ್ ಎಂದು ಹೇಳಿಕೊಂಡು ಒಬ್ಬ ಗಂಡಸು ಫೋನ್ ಮಾಡಿ, ಪಾರ್ಸೆಲ್ ಬಿಡಿಸಲು ಎಂಟೂವರೆ ಸಾವಿರ ಕಟ್ಟು ಎಂದು ಗಡುಸಾದ ಇಂಗ್ಲಿಷ್‌ನಲ್ಲಿ ಹೇಳಿದ. ನನಗೆ ಅನುಮಾನ ಬಂದಿತ್ತು. ಸುಳ್ಳು ಹೇಳುವುದಿಲ್ಲ, ಚೆನ್ನಾಗಿಯೇ ಬಂದಿತ್ತು. ಆದರೆ ಅನುಮಾನವನ್ನು ಇಂಗ್ಲಿಷ್‌ನಲ್ಲಿ ಹೇಳಲು ಬರಲಿಲ್ಲ. ‘ಓಕೆ ಸರ್’ ಎನ್ನಲು ಬರುತ್ತಿತ್ತು, ಎಂದೆ. ಕಟ್ಟಿದೆ. ಅದೇ ಮಾತನ್ನು ಅವನು ಮಲಯಾಳದಲ್ಲಿ ಹೇಳಿದ್ದರೆ ಬೈದು ಫೋನ್ ಇಡುತ್ತಿದ್ದೆ.

ಹಾಗಾಗಿ ನಿಮ್ಮ ಮೊದಲ ವಾರದ ಪಾಠ: ಇಂಗ್ಲಿಷ್‌ನಲ್ಲಿ ಇಲ್ಲ ಎನ್ನುವುದು. ಸುಲಭವೆಂದು ತೋರುತ್ತದೆ, ಆದರೆ ನಾವು ಕನ್ನಡದಲ್ಲೂ ನೇರವಾಗಿ ಇಲ್ಲ ಎನ್ನುವವರಲ್ಲ. ‘ನೋಡೋಣ’ ಎನ್ನುತ್ತೇವೆ. ನಮ್ಮವರಿಗೆ ಅದು ಇಲ್ಲ ಎಂದೇ ತಿಳಿಯುತ್ತದೆ. ಅದನ್ನೇ ಇಂಗ್ಲಿಷ್‌ಗೆ ತಿರುಗಿಸಿ ‘ಲೆಟ್ ಅಸ್ ಸೀ’ ಎಂದರೆ ಕೇಳಿದವರಿಗೆ ಅದು ಅರ್ಧ ಹೌದು. ಇನ್ನೊಂದು ಗುಂಡಿ ಇದೆ. ‘ನೀವು ಹಣ ಕಳಿಸಿಲ್ಲವೇ?’ ಎಂದು ಕೇಳಿದರೆ ‘ಹೌದು, ಕಳಿಸಿಲ್ಲ’ ಎನ್ನುವುದು ನಮಗೆ ಸಹಜ. ಇಂಗ್ಲಿಷ್‌ನಲ್ಲಿ ಅಂಥ ಪ್ರಶ್ನೆಗೆ ‘ಯೆಸ್’ ಎಂದಷ್ಟೇ ಹೇಳಿ ನಿಲ್ಲಿಸಿದರೆ ಕಳಿಸಿದ್ದೇನೆ ಎಂದು ಅರ್ಥ. ಅಲ್ಲಿ ಹೇಳಬೇಕಾದದ್ದು ‘ನೋ’. ಹೋಂಸ್ಟೇಯ ಫೋನಿನಲ್ಲಿ ಇದರಿಂದ ನಾನು ಮಾಡಿದ ಗೊಂದಲಗಳನ್ನು ಬರೆದರೆ ಬೇರೆಯೇ ಉತ್ತರವಾಗುತ್ತದೆ.

ಕನ್ನಡಿಯ ಮುಂದೆ ನಿಂತು ಜೋರಾಗಿ ಹೇಳಿ: ‘ನೋ, ಐ ವೋಂಟ್.’ ಕಾರಣ ಸೇರಿಸಬೇಡಿ, ‘ಸಾರಿ’ ಕೂಡ ಬೇಡ. ಕಾರಣ ಕೊಟ್ಟ ಕೂಡಲೇ ಎದುರಿನವನು ಆ ಕಾರಣವನ್ನು ಬಿಡಿಸಲು ಶುರುಮಾಡುತ್ತಾನೆ. ಎರಡನೆಯದು, ನಿಧಾನವಾಗಿ ಹೇಳಿ ಎನ್ನುವುದು. ಮೂರನೆಯದು, ಬರೆದು ಕಳಿಸಿ ಎನ್ನುವುದು. ಈ ಮೂರು ಬಂದರೆ ಗಂಟಲು ಅರ್ಧ ಬಿಟ್ಟ ಹಾಗೆ, ಏಕೆಂದರೆ ಮಾತಿನ ವೇಗ ಈಗ ನಿಮ್ಮ ಕೈಯಲ್ಲಿದೆ. ಸಂದರ್ಶನಕ್ಕೂ ಇದು ಉಪಯೋಗ. ಪ್ರಶ್ನೆ ಅರ್ಥವಾಗದಿದ್ದಾಗ ತಲೆಯಾಡಿಸಿ ಏನೋ ಹೇಳುವವರಿಗಿಂತ, ಇನ್ನೊಮ್ಮೆ ಹೇಳಿ ಎಂದು ಕೇಳುವವರನ್ನೇ ನಾನಾದರೆ ಆರಿಸುತ್ತೇನೆ.

ಹೆದರಿಸಲು ಇಂಗ್ಲಿಷ್ ಬಳಸುವವರು ಈಗ ಹೆಚ್ಚಾಗಿದ್ದಾರೆ. ಪೊಲೀಸ್ ಸಮವಸ್ತ್ರ ತೊಟ್ಟು ವಿಡಿಯೊ ಕರೆಯಲ್ಲಿ ಬಂದು, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ನೀವು ‘ಡಿಜಿಟಲ್ ಅರೆಸ್ಟ್’ ಆಗಿದ್ದೀರಿ, ಕ್ಯಾಮೆರಾ ಬಿಟ್ಟು ಕದಲಬೇಡಿ ಎನ್ನುತ್ತಾರೆ. ಭಾರತದ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಫೋನ್ ಇಡಿ. ಹಣ ಹೋಗಿಬಿಟ್ಟಿದ್ದರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಹಿಡಿಯುವ ಸಾಧ್ಯತೆ ಹೆಚ್ಚು. ನಾನು ಅಪ್ಪನಿಗೆ ಹೇಳಲು ಹನ್ನೊಂದು ದಿನ ತೆಗೆದುಕೊಂಡೆ. ಹದಿನೆಂಟು ತುಂಬದ ತಂಗಿ ತಮ್ಮಂದಿರು ಇಂಥದ್ದರಲ್ಲಿ ಸಿಕ್ಕಿಕೊಂಡರೆ ಮಕ್ಕಳ ಸಹಾಯವಾಣಿ 1098 ಇದೆ. ಫೋಟೊ ಕಳಿಸು ಎಂದು ಯಾರಾದರೂ ಪೀಡಿಸಿದರೆ ಸಂದೇಶಗಳನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಮನೆಯವರಿಗೆ ತೋರಿಸಿ.

ಓದಿದರೆ ಅರ್ಥವಾಗುತ್ತದೆ ಎಂದಿದ್ದೀರಿ. ಒಳ್ಳೆಯದು, ಆದರೆ ಏನನ್ನು ಓದುತ್ತಿದ್ದೀರಿ? ಪಠ್ಯಪುಸ್ತಕದ ಕವಿತೆ ಅರ್ಥವಾಗುವವರಿಗೆ ಬ್ಯಾಂಕಿನ ಸಂದೇಶ ಅರ್ಥವಾಗದೆ ಇರುವುದನ್ನು ನೋಡಿದ್ದೇನೆ. ‘ಡೆಬಿಟೆಡ್’ ಎಂದರೆ ನಿಮ್ಮ ಖಾತೆಯಿಂದ ಹೋಯಿತು, ‘ಕ್ರೆಡಿಟೆಡ್’ ಎಂದರೆ ಬಂತು. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ, ಕೊಡಲು ಮಾತ್ರ ಬೇಕು. ನಿಮ್ಮನ್ನು ಗಾಯಗೊಳಿಸಬಲ್ಲ ಇಂಗ್ಲಿಷನ್ನು ಮೊದಲು ಕಲಿಯಿರಿ, ಮೆಚ್ಚಿಸುವ ಇಂಗ್ಲಿಷ್ ನಿಧಾನವಾಗಿ ಬರಲಿ.

ತೋಟದ ಮನೆಯವರಾದರೆ ಔಷಧದ ಕೊಠಡಿಯಿಂದಲೇ ಶುರುಮಾಡಬಹುದು. ಕೀಟನಾಶಕದ ಡಬ್ಬಿಯ ಮೇಲೆ ಮೂಲೆಯ ಮೇಲೆ ನಿಲ್ಲಿಸಿದ ಚೌಕವೊಂದು ಇರುತ್ತದೆ. ಕೆಳಗಿನ ಅರ್ಧಕ್ಕೆ ಬಣ್ಣ, ಮೇಲಿನ ಅರ್ಧದಲ್ಲಿ ಪದ. ಕೆಂಪು ಮತ್ತು ಹಳದಿಗೆ ‘ಪಾಯ್ಸನ್’, ಕೆಂಪಿನ ಜೊತೆ ತಲೆಬುರುಡೆ. ನೀಲಿಗೆ ‘ಡೇಂಜರ್’. ಹಸಿರಿಗೆ ‘ಕಾಶನ್’. ಹಸಿರು ಎಂದರೆ ನಿರಪಾಯ ಎಂದು ನಮ್ಮ ಲೈನಿನ ಹುಡುಗರು ಬಹಳ ಕಾಲ ನಂಬಿದ್ದರು. ಅದು ಉಳಿದವಕ್ಕಿಂತ ಕಡಿಮೆ ವಿಷ, ಅಷ್ಟೇ. ಮೇಲಿನ ಪದವನ್ನು ಓದಲು ಬಂದಿದ್ದರೆ, ಎಚ್ಚರಿಕೆಯಿಂದಿರು ಎಂದು ಡಬ್ಬಿಯೇ ಹೇಳುತ್ತಿತ್ತು.

ಮಳೆಯ ಮುನ್ಸೂಚನೆಯೂ ಹಾಗೆಯೇ. ಹವಾಮಾನ ಇಲಾಖೆಯ ಸಂದೇಶದಲ್ಲಿ ‘ಹೆವಿ’, ‘ವೆರಿ ಹೆವಿ’, ‘ಎಕ್ಸ್‌ಟ್ರೀಮ್ಲಿ ಹೆವಿ’ ಎಂದು ಬಂದರೆ ಅದು ಬರೆದವರ ಉದ್ಗಾರವಲ್ಲ, ಅಳತೆ. 24 ಗಂಟೆಗಳಲ್ಲಿ 64.5 ಮಿಲಿಮೀಟರ್‌ನಿಂದ ಮೊದಲನೆಯದು, 115.6ರಿಂದ ಎರಡನೆಯದು, 204.4 ದಾಟಿದರೆ ಮೂರನೆಯದು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದ್ದನ್ನು ಕಂಡ ನಮಗೆ ಈ ಮೂರು ಪದಗಳ ನಡುವಿನ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಬಾಯಿಯ ವಿಷಯ. ನಾಲಿಗೆಗೆ ವ್ಯಾಯಾಮ ಬೇಕು, ಅದಕ್ಕೆ ವಿದೇಶಿ ಬೇಕಾಗಿಲ್ಲ. ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಮಳೆಯಲ್ಲಿ ನಿಮ್ಮ ಕಡೆ ಕರೆಂಟ್ ಎಷ್ಟು ದಿನ ಇರುತ್ತದೆ, ನೆಟ್‌ವರ್ಕ್ ಎಷ್ಟು ಹೊತ್ತು ಇರುತ್ತದೆ ಎಂದು ನನಗೆ ಗೊತ್ತು. ಆದ್ದರಿಂದ ನೆಟ್‌ವರ್ಕ್ ಬೇಡದ ಅಭ್ಯಾಸ ಹೇಳುತ್ತೇನೆ. ರಾತ್ರಿ ಮೊಬೈಲ್‌ನ ರೆಕಾರ್ಡರ್ ಒತ್ತಿ, ಆ ದಿನ ನಡೆದುದನ್ನು ಎರಡು ನಿಮಿಷ ಇಂಗ್ಲಿಷ್‌ನಲ್ಲಿ ಹೇಳಿ. ಪದ ಸಿಗದಿದ್ದರೆ ಕನ್ನಡ ಪದ ಹಾಕಿ ಮುಂದೆ ಹೋಗಿ, ನಿಲ್ಲಬೇಡಿ. ಮರುದಿನ ಕೇಳಿ, ಸಿಗದ ಪದಗಳನ್ನಷ್ಟೇ ಹುಡುಕಿ. ಮೊದಲ ವಾರ ನಿಮ್ಮ ದನಿ ಕೇಳಿ ನಿಮಗೇ ಮುಜುಗರವಾಗುತ್ತದೆ. ನಾನಂತೂ ಹೊದಿಕೆಯೊಳಗೆ ಮುಖ ಹುದುಗಿಸಿ ಕೇಳುತ್ತಿದ್ದೆ. ನೆಟ್‌ವರ್ಕ್ ಇದ್ದಾಗ ಬಿಬಿಸಿಯ ಕಲಿಕಾ ವಿಭಾಗದಿಂದ ಆರು ನಿಮಿಷದ ಪಾಠಗಳನ್ನು ಇಳಿಸಿಟ್ಟುಕೊಳ್ಳಿ, ಬರಹವೂ ಜೊತೆಗೆ ಸಿಗುತ್ತದೆ. ಒಂದೊಂದು ವಾಕ್ಯ ಕೇಳಿ ಅದರ ಏರಿಳಿತದಲ್ಲೇ ಮರುಹೇಳಿ.

ಏರಿಳಿತ ಎಂದೆ, ಅದೇ ಮುಖ್ಯ. ನಾವು ಕನ್ನಡದವರು ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ತೂಕ ಕೊಡುತ್ತೇವೆ. ಇಂಗ್ಲಿಷ್ ಹಾಗಲ್ಲ. ಹೋಂಸ್ಟೇಯಲ್ಲಿ ಒಬ್ಬರು ‘ಥರ್ಟೀನ್’ ಎಂದದ್ದನ್ನು ನಾನು ‘ಥರ್ಟಿ’ ಎಂದು ಕೇಳಿಸಿಕೊಂಡು 30ನೇ ತಾರೀಖಿಗೆ ಕೋಣೆ ಬರೆದೆ. 13ರ ಸಂಜೆ, ಸುರಿಯುವ ಮಳೆಯಲ್ಲಿ, ಎರಡು ಮಕ್ಕಳೊಂದಿಗೆ ಅವರು ಬಾಗಿಲಲ್ಲಿ ನಿಂತಿದ್ದರು. ಕೋಣೆ ಖಾಲಿ ಇರಲಿಲ್ಲ. ಹದಿಮೂರರಲ್ಲಿ ಒತ್ತು ಕೊನೆಗೆ ಬೀಳುತ್ತದೆ, ಮೂವತ್ತರಲ್ಲಿ ಮೊದಲಿಗೆ. ಅಂದಿನಿಂದ ಯಾವ ಸಂಖ್ಯೆಯನ್ನೂ ‘ಒನ್ ತ್ರೀ’ ಎಂದು ಬಿಡಿಸಿ ಹೇಳಿ ಖಚಿತಪಡಿಸಿಕೊಳ್ಳುತ್ತೇನೆ. ‘ಎಗ್’ ಎನ್ನುವಲ್ಲಿ ‘ಯೆಗ್’, ‘ಓನ್ಲಿ’ ಎನ್ನುವಲ್ಲಿ ‘ವೋನ್ಲಿ’ ಬರುವುದು ನಮ್ಮ ಕನ್ನಡದ ಗುರುತು. ತಿದ್ದಿಕೊಳ್ಳಬಹುದು, ಆದರೆ ಅದರಿಂದ ಯಾರ ಕೋಣೆಯೂ ತಪ್ಪುವುದಿಲ್ಲ.

ಒಂದು ಮಾತು, ನಗಬೇಡಿ. ಇಯರ್‌ಫೋನ್ ಹಾಕಿಕೊಂಡು ಬಸ್ ನಿಲ್ದಾಣಕ್ಕೆ ನಡೆಯುತ್ತಾ ಪಾಠ ಕೇಳಿ ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ಅವರ ಊರಿನ ದಾರಿಯಲ್ಲಿ ಆನೆ ಇರುವುದಿಲ್ಲ. ನಮ್ಮಲ್ಲಿ ಬೆಳಗಿನ ಮಂಜಿನಲ್ಲಿ, ಮುಸ್ಸಂಜೆಯಲ್ಲಿ, ಕಾಫಿ ಗಿಡಗಳ ನಡುವೆ ಆನೆ ನಿಂತಿದ್ದರೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ: ಕೊಂಬೆ ಮುರಿಯುವ ಸದ್ದು, ನಾಯಿಗಳ ಬೊಗಳು. ತೋಟದ ದಾರಿಯಲ್ಲಿ ಕಿವಿ ಖಾಲಿ ಇರಲಿ. ಬಸ್ ಹತ್ತಿದ ಮೇಲೆ ಕೇಳಿ.

ಮಾತನಾಡಲು ಮನುಷ್ಯರೇ ಬೇಕೆಂದರೆ ಹತ್ತಿರದಲ್ಲೇ ಹುಡುಕಿ. ಕೊಡಗಿನ ಯಾವ ಹಳ್ಳಿಯಲ್ಲಿ ಸೇನೆಯಿಂದ ನಿವೃತ್ತರಾದವರಿಲ್ಲ? ನನ್ನ ಇಂಗ್ಲಿಷ್ ತಿದ್ದಿದವರು ಪಕ್ಕದ ತೋಟದ ನಿವೃತ್ತ ಸುಬೇದಾರರು. ವಾರಕ್ಕೆ ಎರಡು ಸಂಜೆ ಅವರ ಜಗಲಿಯಲ್ಲಿ, ಅವರ ಹೆಂಡತಿ ಕಾಳುಮೆಣಸು ಆರಿಸುತ್ತಾ ಕುಳಿತಿರುವಾಗ, ಪತ್ರಿಕೆಯ ಒಂದು ಸುದ್ದಿ ಓದಿ ಅದರ ಬಗ್ಗೆ ವಾದ ಮಾಡಬೇಕು. ಅವರು ಬೇಕೆಂದೇ ತಪ್ಪು ವಾದ ಮಂಡಿಸುತ್ತಿದ್ದರು. ನಾನು ಒಪ್ಪಿದರೆ ಬೈಗುಳ. ಇಂಗ್ಲಿಷ್‌ನಲ್ಲಿ ಜಗಳವಾಡಲು ಕಲಿತದ್ದು ಅಲ್ಲಿ. ಈಗ ಕುಶಾಲನಗರದಲ್ಲಿ ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ಕಚೇರಿಯಲ್ಲಿ ಹೊರದೇಶದ ಖರೀದಿದಾರರ ಜೊತೆ ದಿನವೂ ಅದೇ ಕೆಲಸ.

ವಿದೇಶದ ಕೆಲಸ, ಅದಕ್ಕೆ ಕೇಳುವ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಬಗ್ಗೆ ನೀವು ಕೇಳಿಲ್ಲ, ಮುಂದೆ ಕೇಳುತ್ತೀರಿ. ಪರೀಕ್ಷೆ ಬರೆಯದೆ ಪ್ರಮಾಣಪತ್ರ ಕೊಡಿಸುತ್ತೇನೆ ಎನ್ನುವವನು ಕಳ್ಳ. ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟ್ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಣಿ ಆಗಿದ್ದಾನೆಯೇ ಎಂದು ನೋಡದೆ ಪಾಸ್‌ಪೋರ್ಟ್ ಕೊಡಬೇಡಿ.

ಈಗ ಆ ವಿದೇಶಿ ಗೆಳೆಯರಿಗೆ ಇಂಗ್ಲಿಷ್‌ನಲ್ಲಿ ಎರಡೇ ವಾಕ್ಯ ಬರೆಯಿರಿ: ನನ್ನ ಸಂಖ್ಯೆ ಕೊಡುವುದಿಲ್ಲ. ಈ ಆ್ಯಪ್‌ನ ತೆರೆದ ಗುಂಪಿನಲ್ಲೇ ಮಾತನಾಡೋಣ. ‘ಪ್ಲೀಸ್’ ಹಾಕಬೇಡಿ, ಕಾರಣ ಬರೆಯಬೇಡಿ. ವ್ಯಾಕರಣ ತಪ್ಪಿದರೂ ಪರವಾಗಿಲ್ಲ, ಕಳಿಸಿ. ಏನು ಉತ್ತರ ಬಂತು ಎಂದು ಈ ಉತ್ತರದ ಕೆಳಗೆ ಬರೆಯಿರಿ, ಓದಿ ನೋಡುತ್ತೇನೆ.